ಅಡ್ಡ ನಿಂತವರು

ನನ್ನ ಮದುವೆಯ ಫೋಟೋವನ್ನು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ದಿಬ್ಬಣ ಹೊರಡುವ ಮುಂಚೆ ಹೊಳೆನರಸೀಪುರದ ಸ್ಟೇಷನ್ನಿನಲ್ಲಿ, ಎಂಜಿನ್ನಿನ ಪಕ್ಕ ನಾವಿಬ್ಬರೂ ನಿಂತು ತೆಗೆಸಿಕೊಂಡದ್ದು. ಜರಿಪೇಟ, ಕಚ್ಚೆಪಂಚೆ, ಕೊರಳಲ್ಲಿ ಇನ್ನೂ ಬಾಡದ ಹಾರ. ನಾನು ಸುಮಾರಾಗಿ ಕಂಡಿರುವ ಫೋಟೋ ಇಡೀ ಆಯುಸ್ಸಿನಲ್ಲಿ ಅದೊಂದೇ. ಏನಾದರೂ ಒಳ್ಳೆಯ ಮಾತು ಬಂದೀತು ಎಂದು ಕಾದೆ. ಅವರು ಗಾಜಿನ ಮೇಲೆ ಉಫ್ ಎಂದು ಊದಿ, ಪಂಚೆಯ ಅಂಚಿನಲ್ಲಿ ಒರೆಸಿ, "ನೀವು ಸ್ವಲ್ಪ ಅಡ್ಡ ಬಂದಿದೀರಿ ಇತಿಹಾಸದವರೇ," ಎಂದರು. ನನ್ನ ಹೆಂಡತಿಯೂ ಅಡ್ಡವೇ, ಆದರೆ ಆಕೆ ಗಿಡ್ಡ ಆದ್ದರಿಂದ ಸಿಲಿಂಡರಿನ ಮೇಲುಭಾಗ ಉಳಿದುಕೊಂಡಿದೆ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನವನ್ನು ನಾನು ಮನೆಗೆ ಒಯ್ಯಲಿಲ್ಲ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಹೈಸ್ಕೂಲಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಮಾತು ಬರೆದುಕೊಡಿ ಎಂದು ಈಗಿನ ಹೆಡ್‌ಮಾಸ್ಟರು ಕೇಳಿದ್ದಾರೆ. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ನಿದ್ದೆ ಕೆಡಲು ನನಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಹೊರಟ ಬಸ್ಸನ್ನು ನಿಲ್ಲಿಸಿ ಇಳಿದು ವಾಪಸು ಹೋದವನು ನಾನು. ಆದರೆ ಈಗಿನ ಯೋಚನೆ ಬೇರೆ. ಇಂಥ ಬರಹಗಳಲ್ಲಿ ಮಕ್ಕಳೆಂದರೆ ಅವರಿಗೆ ಪ್ರಾಣವಾಗಿತ್ತು ಎಂದು ಬರೆಯುವುದು ವಾಡಿಕೆ. ಅವರಿಗೆ ಹಾಗೇನೂ ಇರಲಿಲ್ಲ. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಒಂದು ಹೂಜಿ ಬರೆದುಬಿಟ್ಟು, ಹುಡುಗರಿಗೆ ಬೆನ್ನು ಮಾಡಿ, ಮೈಸೂರಿನ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಹುಡುಗರು ಹೂಜಿಗೆ ಮೀಸೆ ಇಟ್ಟರೂ ಕೇಳುತ್ತಿರಲಿಲ್ಲ. ಆದ್ದರಿಂದ ನಾನು ಬರೆಯುವುದು ಸಂಚಿಕೆಗೆ ಹೊಂದುತ್ತದೋ ಇಲ್ಲವೋ ತಿಳಿಯದು. ಬರೆಯದಿದ್ದರೆ ಇನ್ನಷ್ಟು ನಿದ್ದೆ ಕೆಡುತ್ತದೆ.

ಅವರ ನಿಜವಾದ ಕಸುಬು ಉಗಿ ಎಂಜಿನ್ನುಗಳ ಹಳೆಯ ಫೋಟೋ ನೋಡುವುದು. ನಮ್ಮ ಈ ಮೀಟರ್‌ಗೇಜ್ ಲೈನಿನ ಮೇಲೆ ಓಡಾಡಿದ ಪ್ರತಿಯೊಂದು ಎಂಜಿನ್ನೂ ಯಾವ ವರ್ಷ ಹೇಗಿತ್ತು, ದೀಪ ಯಾವುದು, ಹೊಗೆ ಕೊಳವೆಯ ಬಾಯಿ ಹೇಗೆ, ಕಟ್ಟಿಗೆ ಉರಿಸುವ ಕಾಲದಲ್ಲಿ ಕಿಡಿ ಹಾರದಂತೆ ಹಾಕುತ್ತಿದ್ದ ಜಾಲರಿ ಯಾವಾಗ ಬಂದು ಯಾವಾಗ ಹೋಯಿತು, ಇದನ್ನೆಲ್ಲ ಚಿತ್ರ ಬರೆದಿಡಬೇಕು ಎಂಬುದು ಅವರ ಹಂಬಲ. ರೈಲಿನವರ ಕಾಗದಪತ್ರಗಳಲ್ಲಿ ಇರುತ್ತದಲ್ಲ ಎಂದು ಒಮ್ಮೆ ಕೇಳಿದೆ. ಅಲ್ಲಿ ಎಂಜಿನ್ನಿನ ಜಾತಕ ಇರುತ್ತದೆ, ಮುಖ ಇರುವುದಿಲ್ಲ ಎಂದರು. ಮುಖ ಇದ್ದದ್ದು ಊರವರ ಮನೆಯ ಗೋಡೆಗಳ ಮೇಲೆ. ಆ ಕಾಲದಲ್ಲಿ ನಮ್ಮ ಕಡೆಯ ಜನಕ್ಕೆ ಫೋಟೋ ತೆಗೆಸಿಕೊಳ್ಳಲು ಎಂಜಿನ್ನಿಗಿಂತ ಒಳ್ಳೆಯ ಹಿನ್ನೆಲೆ ಇರಲಿಲ್ಲ. ತಮಾಷೆಯೆಂದರೆ ಅವರಿಗೆ ಹೆಚ್ಚು ಫೋಟೋ ಸಿಕ್ಕಿದ್ದು ರೈಲೇ ಇಲ್ಲದ ಚನ್ನರಾಯಪಟ್ಟಣದಲ್ಲಿ. ದಿನಾ ನೋಡುವ ನಮಗೆ ಎಂಜಿನ್ ಎಂದರೆ ಮಸಿ. ಎತ್ತಿನ ಗಾಡಿ ಕಟ್ಟಿಕೊಂಡು ಬಂದು ನೋಡಿದ ಅಲ್ಲಿಯವರು ಮಾತ್ರ ಪಕ್ಕದಲ್ಲಿ ನಿಂತು ಪಟ ಹಿಡಿಸಿಕೊಂಡು ಚೌಕಟ್ಟು ಹಾಕಿಸಿ ಇಟ್ಟಿದ್ದರು.

ಭಾನುವಾರ ಈ ಬೇಟೆಗೆ ಹೊರಡುವಾಗ ನನ್ನನ್ನೂ ಕರೆಯುತ್ತಿದ್ದರು. ನಾನು ಇತಿಹಾಸದ ಮೇಷ್ಟ್ರು ಎಂಬ ಗೌರವಕ್ಕೇನೂ ಅಲ್ಲ. ಮನೆಯವರ ಹತ್ತಿರ ಯಾರ ಪೈಕಿ, ಯಾವ ಕಡೆ ಸಂಬಂಧ ಎಂದು ಮಾತಾಡುತ್ತ ಕಾಫಿ ಕುಡಿಯಲು ಒಬ್ಬರು ಬೇಕಾಗಿತ್ತು. ಅಷ್ಟರಲ್ಲಿ ಅವರು ಗೋಡೆಯ ಫೋಟೋ ಇಳಿಸಿ ಬೆಳಕಿಗೆ ಒಯ್ದಿರುತ್ತಿದ್ದರು. "ಇವರು ಯಾರು ಗೊತ್ತೇ? ನಮ್ಮ ತಾತ, ಅಮಲ್ದಾರರಾಗಿದ್ದವರು," ಎಂದು ಯಾರಾದರೂ ಹೆಮ್ಮೆಯಿಂದ ಬಂದು ನಿಂತರೆ, ಗಾಜಿನಿಂದ ಕಣ್ಣು ತೆಗೆಯದೆ, "ಚಕ್ರಕ್ಕೆ ಅಡ್ಡ ನಿಂತಿದಾರೆ," ಎನ್ನುವರು. ಆಮೇಲೆ ಕ್ಷಮೆ ಕೇಳುವ ಕೆಲಸ ನನ್ನದು.

ಅವರಿಗೊಂದು ಪದ್ಧತಿ ಇತ್ತು. ಸ್ಟುಡಿಯೋಗಳಲ್ಲಿ ಫೋಟೋ ಕಾಗದಕ್ಕೆ ಸುತ್ತಿಕೊಂಡು ಬರುವ ಕಪ್ಪು ಕಾಗದವನ್ನು ಸಣ್ಣ ಸಣ್ಣದಾಗಿ ಕತ್ತರಿಸಿ ಇಟ್ಟುಕೊಂಡಿದ್ದರು. ಯಾವ ಫೋಟೋ ಬಂದರೂ ಮೊದಲು ಅದರಲ್ಲಿರುವವರ ಮುಖಗಳ ಮೇಲೆ ಆ ತುಂಡುಗಳನ್ನು ಗಂಜಿಯಿಂದ ಹಗುರವಾಗಿ ಅಂಟಿಸುವರು. ಮುಖ ಕಂಡರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಹೋದದ್ದು ಬೇಗ ವಾಪಸು ಬರುವುದಿಲ್ಲ, ಎಂಜಿನ್ ನೋಡುವುದು ಯಾವಾಗ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ಸ್ಟೇಷನ್ನಿನ ಹತ್ತಿರದ ಅವರ ಬಾಡಿಗೆ ಕೋಣೆಗೆ ಹೋದವರ ಪಾಡು ಏನಾಗಬೇಕು? ಗೋಡೆಯ ತುಂಬ ಎಂಜಿನ್ನುಗಳು, ಪ್ರತಿ ಎಂಜಿನ್ನಿನ ಸುತ್ತ ಪೇಟ ಸುತ್ತಿದ, ಕೋಟು ತೊಟ್ಟ, ಮಗು ಎತ್ತಿಕೊಂಡ ಜನ, ಯಾರಿಗೂ ಮುಖವಿಲ್ಲ. ನಡುಮಧ್ಯಾಹ್ನ ಬಿಸಿಲು ಬಾಗಿಲವರೆಗೂ ಬಂದಿದ್ದಾಗಲೂ ಆ ಗೋಡೆಗೆ ಬೆನ್ನು ಮಾಡಿ ಕೂರಲು ನನಗೆ ಆಗುತ್ತಿರಲಿಲ್ಲ. ಎದುರಿಗೆ ಕೂರಲೂ ಆಗುತ್ತಿರಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಅಡ್ಡಡ್ಡ ಕೂತು ಮಾತಾಡಿ ಬರುತ್ತಿದ್ದೆ.

ಒಂದು ಸಲ ಹಾಸನದ ಸ್ಟೇಷನ್ನಿನ ತೀರ ಹಳೆಯ ಫೋಟೋ ತೋರಿಸಿದರು. ಗಾಡಿ ನಿಂತಿದೆ, ಬಾಗಿಲುಗಳು ತೆರೆದಿವೆ, ಪ್ಲಾಟ್‌ಫಾರಂ ಪೂರ್ತಿ ಖಾಲಿ. ಯಾಕೆ ಯಾರೂ ಇಲ್ಲ ಎಂದು ಕೇಳಿದೆ.

"ಖಾಲಿ ಇಲ್ಲ. ಜನ ಕಿಕ್ಕಿರಿದಿದಾರೆ," ಎಂದರು. "ಯಾರೂ ನಿಂತಿಲ್ಲ, ಅಷ್ಟೆ."

ಆಮೇಲೆ ವಿವರಿಸಿದರು. ಆಗಿನ ಕ್ಯಾಮರಾದವನು ಮುಸುಕು ಹಾಕಿಕೊಂಡು, ಗಾಜಿನ ಮೇಲಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ ಮತ್ತೆ ಮುಚ್ಚುತ್ತಿದ್ದ. ನಮ್ಮ ಕಡೆ ಮೊನ್ನೆ ಮೊನ್ನೆಯವರೆಗೂ ಹಾಗೆಯೇ ಇತ್ತು. ಅಷ್ಟು ಹೊತ್ತು ಅಲುಗದೆ ನಿಂತವರು ಪಟದಲ್ಲಿ ಬೀಳುತ್ತಾರೆ. ನಡೆದಾಡುವವರು ಬೀಳುವುದೇ ಇಲ್ಲ. ಸ್ವಲ್ಪ ಹೊತ್ತು ನಿಂತು ಆಮೇಲೆ ಸರಿದವರು ಅರ್ಧ ಬೀಳುತ್ತಾರೆ. ಅವರ ಮೈಯೊಳಗಿಂದ ಹಿಂದಿನದು ಕಾಣುತ್ತದೆ. ಉಗಿಯೂ ಹಾಗೆಯೇ, ಮನುಷ್ಯನೂ ಹಾಗೆಯೇ, ಫೋಟೋಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದರು. ಅಂದಿನಿಂದ ಖಾಲಿ ಪ್ಲಾಟ್‌ಫಾರಂ ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಅಭ್ಯಾಸ ನನಗೆ ಅಂಟಿಕೊಂಡಿದೆ.

ಈ ಅರ್ಧ ಬಿದ್ದವರ ಪೈಕಿ ಒಬ್ಬರು ಹಾಸನದಲ್ಲಿ ನಮಗಾಗಿ ಕಾದಿದ್ದರು.

ಅಲ್ಲಿ ಒಬ್ಬ ಮುದುಕ ಇದ್ದ. ಎಂಜಿನ್ನಿನ ಬೆಂಕಿಗೆ ಕಟ್ಟಿಗೆ, ಕಲ್ಲಿದ್ದಲು ಹಾಕುತ್ತ ಕೆಲಸ ಮಾಡಿ ನಿವೃತ್ತನಾದವನು. ಅವನ ಹತ್ತಿರ ಆಯುಧಪೂಜೆಯ ಫೋಟೋ ಇದೆಯೆಂದು ಯಾರೋ ಹೇಳಿದ್ದರಿಂದ ಹೋದೆವು. ಗೋಡೆಯ ಮೇಲೆ ದೇವರ ಪಟಗಳ ಸಾಲಿನ ಕೊನೆಯಲ್ಲಿ ಒಂದು ಚೌಕಟ್ಟು ಬೆನ್ನು ತಿರುಗಿಸಿಕೊಂಡು ನೇತಾಡುತ್ತಿತ್ತು. ಮೇಷ್ಟ್ರು ಕೈ ಹಾಕಿದರು.

"ಅದುನ್ನ ತಿರುಗುಸ್ಬ್ಯಾಡಿ ಸಾ," ಎಂದ ಮುದುಕ. "ಮನೇಲಿ ಎಣ್ಣುಮಕ್ಳು ಎದುರ್ಕತಾರೆ. ಅದ್ರಲ್ಲಿ ಒಬ್ಬವ್ನೆ. ಅವುನ್ ಮೈಯೊಳ್ಗೇ ಇಂಜಿನ್ ಕಾಣ್ತದೆ. ಪಟ ಇಡ್ದೋನ್ನ ಕೇಳುದ್ರೆ, ಅಲ್ಲಿ ಅಂಗೊಬ್ಬ ನಿಂತೇ ಇರ್ನಿಲ್ಲ ಅಂದ್ನಂತೆ."

ಮೇಷ್ಟ್ರು ಅಷ್ಟರಲ್ಲಿ ತಿರುಗಿಸಿ ಆಗಿತ್ತು. ಯಾವ ಊರು, ಯಾವ ವರ್ಷ ಎಂದು ಕೇಳಿದರು. ಫೋಟೋ ತನ್ನದಲ್ಲ, ತೀರಿಕೊಂಡ ತನ್ನ ಡ್ರೈವರದು ಎಂದ. ಆ ಡ್ರೈವರು ಅರಸೀಕೆರೆ, ಬೀರೂರು, ಮೈಸೂರು ಎಲ್ಲ ಕಡೆಯೂ ಇದ್ದವರು. ವರ್ಷ ವರ್ಷವೂ ಪೂಜೆ, ವರ್ಷ ವರ್ಷವೂ ಬಾಳೆಕಂದು, ಯಾವುದೆಂದು ಹೇಳುವುದು? ಬೇಕಾದರೆ ತಗೊಂಡು ಹೋಗಿ, ನಿಮಗೆ ಪುಣ್ಯ ಬರುತ್ತದೆ ಎಂದು ತಾನೇ ಮೊಳೆಯಿಂದ ಬಿಚ್ಚಿ ಕೊಟ್ಟ. ನಾವು ಬೀದಿಗೆ ಇಳಿಯುವ ಮೊದಲೇ ಒಳಗಿನಿಂದ ಯಾರೋ ಆ ಜಾಗಕ್ಕೆ ನೀರು ಚಿಮುಕಿಸಿದ ಸದ್ದಾಯಿತು.

ಬಸ್ಸಿನಲ್ಲಿ ಮೇಷ್ಟ್ರ ಸಂತೋಷ ಹೇಳತೀರದು. ಇಷ್ಟು ವರ್ಷದಲ್ಲಿ ಎಂಜಿನ್ನಿಗೆ ಅಡ್ಡ ನಿಂತೂ ಅಡ್ಡ ಆಗದ ಮನುಷ್ಯ ಇವನೊಬ್ಬನೇ ಎಂದು ಮತ್ತೆ ಮತ್ತೆ ಹೇಳಿದರು. ನಾನು ಆ ಚೌಕಟ್ಟು ನನ್ನ ಮೊಣಕಾಲಿಗೆ ತಾಗದಂತೆ ಕಾಲು ಒತ್ತರಿಸಿಕೊಂಡು ಕೂತಿದ್ದೆ.

ಮುಂದಿನ ಭಾನುವಾರ ಅವರ ಕೋಣೆಗೆ ಹೋದಾಗ ಫೋಟೋ ಗೋಡೆಗೆ ಏರಿತ್ತು. ವಾಡಿಕೆಯಂತೆ ಎಲ್ಲರ ಮುಖಕ್ಕೂ ಕಪ್ಪು ಕಾಗದ. ಆ ಒಬ್ಬನನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು, ಏಕೆಂದರೆ ಅವನ ಹಿಂದಿನದು ಕಾಣುತ್ತಿತ್ತಲ್ಲ. ಅಂದರೆ ಇಡೀ ಗೋಡೆಯ ಮೇಲೆ ಮುಖ ಅಂತ ಇದ್ದದ್ದು ಅದೊಂದೇ. ನೋಡಬಾರದು ಎಂದುಕೊಂಡೇ ನೋಡಿದೆ. ಬಲಭುಜ ತಗ್ಗಿಸಿ, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರು ಎಂಬಂತೆ ಮುಖ ತಿರುಗಿಸುತ್ತ ಇದ್ದಾನೆ. ನನ್ನ ಕೈಯಲ್ಲಿದ್ದ ಲೋಟ ತಣ್ಣಗಾಯಿತು. ಹಾಗೆ ತಿರುಗುವವರು ನಮ್ಮ ಬಂಧುಬಳಗದಲ್ಲೆಲ್ಲ ಒಬ್ಬರೇ ಇದ್ದರು. ನನ್ನ ಸೋದರತ್ತೆಯ ಗಂಡ. ಮದುವೆಯಲ್ಲೋ ಮುಂಜಿಯಲ್ಲೋ ಏನಾದರೂ ಕೆಲಸ ತಲೆಗೆ ಬೀಳುವ ಹೊತ್ತಿಗೆ ಸರಿಯಾಗಿ, ಯಾರೂ ಕರೆಯದೆಯೇ ಹೀಗೆ ತಿರುಗಿ ಜಾರಿಬಿಡುವುದು ಅವರ ಕ್ರಮ. ಮೂಗು, ಕಿವಿ ಎಲ್ಲ ಅವರದೇ.

ಅವರು ಸತ್ತು ಬಹಳ ವರ್ಷವಾಗಿತ್ತು. ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ಒಂದು ಮಳೆಗಾಲ, ಗೊರೂರಿನ ಹತ್ತಿರ ಹೇಮಾವತಿ ತುಂಬಿ ಹರಿಯುವಾಗ, ದಡದ ಮೇಲೆ ಅವರ ಕೊಡೆ ಮತ್ತು ಚಪ್ಪಲಿ ಸಿಕ್ಕವು. ದೇಹ ಸಿಗಲಿಲ್ಲ. ಹೆಣ ಸಿಗದವರಿಗೆ ಮಾಡುವಂತೆ ದರ್ಭೆಯಲ್ಲಿ ಒಂದು ಬೊಂಬೆ ಕಟ್ಟಿ ಸುಟ್ಟರು. ಅತ್ತೆಗೆ ಆಗ ಮೂವತ್ತು ತುಂಬಿರಲಿಲ್ಲ. ತಲೆಗೂದಲು ತೆಗೆಸಿ ಕೆಂಪು ಸೀರೆ ಉಡಿಸಿದರು. ಆಮೇಲೆ ಅರಕಲಗೂಡಿನ ಆ ಮನೆಯ ಹಿತ್ತಿಲಿಗೆ ತಿಂಗಳು ತಿಂಗಳೂ ಕ್ಷೌರಿಕ ಬರುವನು.

ನನಗೆ ಯೋಚನೆಯನ್ನು ಒಬ್ಬನೇ ಇಟ್ಟುಕೊಳ್ಳುವ ಶಕ್ತಿ ಇಲ್ಲ. ಅರಕಲಗೂಡಿಗೆ ಹೋಗಿ ಅತ್ತೆಗೆ ಹೇಳಿದೆ. ಹೇಳುವಾಗ ಅತ್ತೆಯ ಭಾವನವರು, ಎಂದರೆ ಸತ್ತವರ ಅಣ್ಣ, ನಡುಮನೆಯಲ್ಲಿ ಮಣೆಯ ಮೇಲೆ ಕೂತು ಜಪ ಮಾಡುತ್ತಿದ್ದರು. ಮೈಯೊಳಗಿಂದ ಎಂಜಿನ್ ಕಾಣುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ಜಪ ನಿಂತಿತ್ತು. ಅದು ಪ್ರೇತವೇ ಸರಿ, ಮಾಡಿದ ಕರ್ಮದಲ್ಲಿ ಲೋಪವಾಗಿ ತಮ್ಮನಿಗೆ ಬಿಡುಗಡೆಯಾಗಿಲ್ಲ, ರಾಮನಾಥಪುರಕ್ಕೆ ಹೋಗಿ ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ತೀರ್ಮಾನ ಕೊಟ್ಟರು. ಅವತ್ತಿನ ದರ್ಭೆ ಹಳೆಯದಿತ್ತು, ನಾನು ಆಗಲೇ ಹೇಳಿದ್ದೆ ಎಂದೂ ಸೇರಿಸಿದರು.

ಅತ್ತೆ ಮಾತ್ರ ಒಪ್ಪಲಿಲ್ಲ. ಅವರು ಹೊಳೆಗೆ ಹೋಗುವುದಕ್ಕೆ ಮುಂಚೆ ತೆಗೆದ ಫೋಟೋ ಆಗಿರಬಹುದಲ್ಲ, ವರ್ಷ ಗೊತ್ತಾಗದೆ ಯಾವ ಕರ್ಮವನ್ನೂ ಮಾಡಿಸುವುದಿಲ್ಲ ಎಂದರು. ನನ್ನನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಹೇಳಿದರು:

"ಮುಂಚಿನದಾದ್ರೆ ಸರಿ, ಹಳೇ ಫೋಟೋ ಅಂತ ಸುಮ್ಮನಾಗ್ತೀನಿ. ಆಮೇಲಿಂದಾದ್ರೆ, ಅದು ದೆವ್ವವೋ ಮನುಷ್ಯನೋ ನನಗೆ ಗೊತ್ತಾಗಬೇಕು ಕಣೋ. ದೆವ್ವ ಆದ್ರೆ ಪಾಪ ಅನ್ನಬಹುದು. ಮನುಷ್ಯ ಆದ್ರೆ, ನನ್ನ ತಲೆ ತೆಗೆಸಿದ ದಿನ ಅವರು ಎಲ್ಲೋ ಕೂತು ಕ್ರಾಪು ಬಾಚ್ಕೋತಿದ್ರು ಅಂತಾಯ್ತಲ್ಲ?"

ಮಡಿ ಹೆಂಗಸನ್ನು ಬಸ್ಸಿನಲ್ಲಿ ಕರೆದುಕೊಂಡು ಹಳ್ಳಿಮೈಸೂರಿನ ಮೇಲೆ ಹೊಳೆನರಸೀಪುರಕ್ಕೆ ಬಂದೆ. ಅತ್ತೆ ಮೇಷ್ಟ್ರ ಕೋಣೆಯೊಳಕ್ಕೆ ಕಾಲಿಡಲಿಲ್ಲ. ಬಾಗಿಲಿನಿಂದ ಆ ಗೋಡೆಯನ್ನು ಒಮ್ಮೆ ನೋಡಿ, ಅಂಗಳದ ನುಗ್ಗೆಮರದ ಕೆಳಗೆ ತಾವು ತಂದಿದ್ದ ಚಾಪೆಯ ತುಂಡು ಹಾಸಿ ಕೂತರು. ಮೇಷ್ಟ್ರಿಗೆ ನಾನು ಸಂಬಂಧ ಹೇಳಿರಲಿಲ್ಲ. ಯಾರೆಂದು ತಿಳಿದರೆ ಎಂಜಿನ್ನನ್ನು ನೆಟ್ಟಗೆ ನೋಡಲಾಗುವುದಿಲ್ಲ ಎಂದು ಅವರೇ ಕೇಳಲು ಒಪ್ಪಿರಲಿಲ್ಲ. ನಮ್ಮ ಮನೆಯವರಿಗೆ ಈ ಫೋಟೋದ ವರ್ಷ ಗೊತ್ತಾಗಬೇಕಂತೆ ಎಂದಷ್ಟೇ ತಿಳಿಸಿದ್ದೆ.

ಅವರು ಫೋಟೋವನ್ನು ಬಿಸಿಲಿಗೆ ತಂದರು. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಎಂಜಿನ್ನಿನ ಮುಂಭಾಗವೆಲ್ಲ ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಹಾರ. ದೀಪ ಎಣ್ಣೆಯದೋ ಕರೆಂಟಿನದೋ ಹೂವಿನೊಳಗೆ ಮುಚ್ಚಿಹೋಗಿತ್ತು. ನಂಬರಿನ ಫಲಕದ ಮೇಲೆ ಅರಿಶಿನ ಕುಂಕುಮ ಬಳಿದಿದ್ದರು. ಪಕ್ಕದ ಉದ್ದಕ್ಕೂ ಜನ ಸಾಲುಗಟ್ಟಿ ಎಲ್ಲವನ್ನೂ ಮರೆಮಾಡಿದ್ದರು. ಮೇಷ್ಟ್ರು ಹೊಲಿಗೆಯ ಸೂಜಿಯೊಂದನ್ನು ಹಿಡಿದು, ಗಾಜನ್ನು ಒಂದೇ ಕಡೆ ನಿಲ್ಲಿಸಿ, ಉಸಿರು ಬಿಡದೆ ನೋಡಿದರು.

"ಇದು ಸ್ವಾತಂತ್ರ್ಯ ಬಂದ ಮೇಲಿನದು," ಎಂದರು. "ಎಂಜಿನ್ನಿಗೆ ಕರೆಂಟಿನ ದೀಪ ಬಂದಿದೆ. ಆ ದೀಪಕ್ಕೆ ತಂತಿ ಒಯ್ಯುವ ಸಣ್ಣ ಕೊಳವೆ ಇಲ್ಲಿದೆ. ಸಂಸ್ಥಾನದ ಕಾಲದಲ್ಲಿ ಈ ಲೈನಿನ ಯಾವ ಎಂಜಿನ್ನಿಗೂ ಇದು ಇರಲಿಲ್ಲ. ನೂರು ಫೋಟೋ ನೋಡಿದೀನಿ."

"ಎಲ್ಲಿದೆ ಕೊಳವೆ?" ಎಂದರು ಅತ್ತೆ.

ಮೇಷ್ಟ್ರು ಸೂಜಿಯ ತುದಿಯನ್ನು ಆ ಮನುಷ್ಯನ ಮೇಲಿಟ್ಟರು. "ಇಲ್ಲಿ, ಇವರ ಎದೆಯಲ್ಲಿ."

ನಿಜವಾಗಿಯೂ ಅಲ್ಲಿತ್ತು. ಬೇರೆ ಎಲ್ಲ ಕಡೆ ಯಾರೋ ಒಬ್ಬರು ಅಡ್ಡ ನಿಂತಿದ್ದರು. ಈ ಒಬ್ಬರ ಅಂಗಿಯೊಳಗಿಂದ, ಎಡದಿಂದ ಬಲಕ್ಕೆ, ಪೆನ್ಸಿಲ್ಲಿನ ಗೆರೆಯ ಹಾಗೆ ಒಂದು ಕೊಳವೆ ಹಾದುಹೋಗಿತ್ತು. ಆ ಮನುಷ್ಯ ಗಟ್ಟಿಯಾಗಿ ನಿಂತಿದ್ದರೆ ವರ್ಷ ಯಾರಿಗೂ ತಿಳಿಯುತ್ತಿರಲಿಲ್ಲ.

ಅತ್ತೆ ಗಾಜನ್ನು ಕೇಳಿ ಪಡೆದು ತಾವೇ ನೋಡಿದರು.

"ಇದು ಮನುಷ್ಯನೋ ಪ್ರೇತವೋ ಹೇಳಿ ಮೇಷ್ಟ್ರೇ."

"ನಾನು ಎಂಜಿನ್ ಮಾತ್ರ ನೋಡೋನು ತಾಯಿ."

"ಎಂಜಿನ್ ಆಯ್ತಲ್ಲ. ಈಗ ಇವರನ್ನ ನೋಡಿ. ನನ್ನ ಯಜಮಾನರು."

ಮೇಷ್ಟ್ರು ಒಮ್ಮೆ ನನ್ನ ಮುಖ ನೋಡಿದರು. ಅತ್ತೆಯ ಕೆಂಪು ಸೀರೆ ನೋಡಿದರು. ಆಮೇಲೆ ಮತ್ತೆ ಗಾಜಿಗೆ ಕಣ್ಣಿಟ್ಟರು. ಅವರು ಒಂದು ಫೋಟೋದಲ್ಲಿ ಮನುಷ್ಯನನ್ನು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೇಲಿನಿಂದ ಕೆಳಕ್ಕೆ, ಒಂದೊಂದು ಗುಂಡಿಯನ್ನೂ ಬಿಡದೆ, ಎಂಜಿನ್ ನೋಡಿದ ಹಾಗೆಯೇ ನೋಡಿದರು. ನುಗ್ಗೆಯ ಎಲೆಯ ನೆರಳು ಫೋಟೋದ ಮೇಲೆ ಅಲುಗಿದಾಗ ಆ ಮೈಯೂ ಅಲುಗಿದಂತಾಗಿ ನಾನು ಬೇರೆ ಕಡೆ ತಿರುಗಿಕೊಂಡೆ.

"ಸೊಂಟದಿಂದ ಮೇಲೆ ಅಲುಗಾಡಿದಾರೆ," ಎಂದರು ಕೊನೆಗೆ. "ಕ್ಯಾಮರಾ ಕಂಡು ಹೊರಡೋಕೆ ತಿರುಗಿದಾರೆ. ಆದರೆ ಹೆಜ್ಜೆ ಇನ್ನೂ ಕಿತ್ತಿಲ್ಲ. ಕಾಲು ಎರಡೂ ಪೂರ್ತಿ ಬಿದ್ದಿವೆ, ಹಿಂದಿನ ಕಲ್ಲು ಕಾಣಲ್ಲ. ನೆರಳೂ ಇದೆ. ಬೂಟು ಹಾಕಿದಾರೆ, ಲೇಸು ಕಟ್ಟಿದ್ದು." ಗಾಜನ್ನು ಕೆಳಗಿಟ್ಟು, "ಮನುಷ್ಯರೇ ತಾಯಿ," ಎಂದರು.

ಅತ್ತೆ ಅಳಲಿಲ್ಲ. ಚಾಪೆಯ ತುಂಡನ್ನು ಕೊಡವಿ ಸುತ್ತಿಕೊಂಡರು. "ಪುರಿ ಕಡಲೆ ಹಂಚ್ತಾರೆ ಅಂದ್ರೆ ಎಲ್ಲಿಗಾದ್ರೂ ಹೋಗೋರು," ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ಹಳ್ಳಿಮೈಸೂರಿನಲ್ಲಿ ಬಸ್ಸು ನೀರಿಗೆ ನಿಂತಾಗ ಅತ್ತೆ, ಭಾವನವರಿಗೆ ಪ್ರೇತ ಅಂತಲೇ ಹೇಳು ಎಂದರು. ನನಗೆ ದಿಗಿಲಾಯಿತು. ಬದುಕಿರುವವರಿಗೆ ಪಿಂಡ ಇಡಿಸುವುದೇ?

"ಬದುಕಿದಾರೆ ಅಂತ ಗೊತ್ತಾದ್ರೆ ಭಾವ ಸುಮ್ಮನಿರ್ತಾರೇನೋ? ಹುಡುಕಿಸ್ತಾರೆ. ಸುಟ್ಟ ಮೇಲೆ ಬಂದೋರಿಗೆ ಶಾಸ್ತ್ರ ಇದೆಯಂತಲ್ಲ, ಮತ್ತೆ ಹುಟ್ಟಿದ ಹಾಗೆ ಮಾಡಿ, ಜಾತಕರ್ಮ ಮಾಡಿ, ಹೆಸರಿಟ್ಟು, ಮುಂಜಿ ಮಾಡಿ, ಮತ್ತೆ ನನ್ನ ಕೊರಳಿಗೇ ಕಟ್ಟಿಸ್ತಾರೆ. ಆ ಬೂಟಿನ ಕಾಲು ತೊಳೆಯೋಳು ಯಾರು? ನನಗೆ ಬೇಡ."

ರಾಮನಾಥಪುರದಲ್ಲಿ ಕಾವೇರಿಯ ದಡದ ಮೇಲೆ ಎಲ್ಲವೂ ಮತ್ತೆ ನಡೆಯಿತು. ಈ ಸಲ ಭಾವನವರು ಹೊಸ ದರ್ಭೆಯನ್ನೇ ತರಿಸಿದ್ದರು. ಕರೆಯದಿದ್ದರೂ ಡ್ರಾಯಿಂಗ್ ಮೇಷ್ಟ್ರು ಬಂದು, ಒಗೆದ ಪಂಚೆ ಉಟ್ಟು, ಎಲ್ಲರಿಗಿಂತ ಹಿಂದೆ ಮೆಟ್ಟಿಲ ಮೇಲೆ ಕೂತಿದ್ದರು. ಯಾಕೆ ಬಂದಿರಿ ಎಂದು ಕೇಳಿದೆ. ಮನುಷ್ಯ ಎಂದು ಬಾಯಿಬಿಟ್ಟು ಹೇಳಿದವನು ನಾನೊಬ್ಬನೇ, ಅವನ ಕರ್ಮಕ್ಕೆ ಬರದೆ ಇರಲು ಮನಸ್ಸು ಬರಲಿಲ್ಲ ಎಂದರು. ಪುರೋಹಿತರು ಗೋತ್ರ ಹೇಳಿ, ಹೆಸರು ಹಿಡಿದು, ಪ್ರೇತವೇ ಬಾ ಎಂದು ಕರೆಯುತ್ತಿದ್ದರು. ಪ್ರತಿ ಸಲ ಕರೆದಾಗಲೂ ನನಗೆ ಒಂದೇ ಯೋಚನೆ. ಬೀರೂರಿನಲ್ಲೋ ಹರಿಹರದಲ್ಲೋ ಯಾವುದೋ ಹೋಟೆಲಿನ ಬೆಂಚಿನ ಮೇಲೆ ಒಬ್ಬರು ತಿಂಡಿ ತಿನ್ನುತ್ತಿದ್ದಾರೆ, ಈಗ ಬಲಭುಜ ತಗ್ಗಿಸಿ ಹಿಂದಕ್ಕೆ ತಿರುಗಿದರು, ಈಗ ನಿಜವಾಗಿಯೂ ಯಾರೋ ಕರೆಯುತ್ತಿದ್ದಾರೆ. ಪಕ್ಕಕ್ಕೆ ನೋಡಿದರೆ ಮೇಷ್ಟ್ರೂ ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟು ಕೂತಿದ್ದರು. ಊಟಕ್ಕೆ ಇಬ್ಬರೂ ಕೂರಲಿಲ್ಲ.

ಕರ್ಮ ಮುಗಿದ ಮೇಲೆ ಅತ್ತೆಯ ಕನಸಿನಲ್ಲಿ ಯಜಮಾನರು ಬಂದರಂತೆ. ನನಗೆ ಬಿಡುಗಡೆಯಾಯಿತು, ಇನ್ನು ಮೇಲೆ ಕೂದಲು ಬಿಡು ಎಂದು ಅಪ್ಪಣೆ ಕೊಟ್ಟರಂತೆ. ಅತ್ತೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪ್ರೇತವನ್ನು ಎದುರು ಹಾಕಿಕೊಳ್ಳುವ ಧೈರ್ಯ ಭಾವನವರಿಗೆ ಇರಲಿಲ್ಲ. ಮಾರನೆಯ ತಿಂಗಳು ಕ್ಷೌರಿಕ ಬಂದವನು ಹಿತ್ತಿಲಿನಿಂದಲೇ ವಾಪಸು ಹೋದ.

ಆಮೇಲೊಂದು ದಿನ ಅತ್ತೆ ತಾವಾಗಿಯೇ ಹೊರಟು ನನ್ನ ಜೊತೆ ಮೇಷ್ಟ್ರ ಕೋಣೆಗೆ ಬಂದರು. ಆ ಫೋಟೋದಿಂದ ಯಜಮಾನರನ್ನು ತೆಗೆದುಬಿಡಬೇಕು ಎಂದು ಕೇಳಿಕೊಂಡರು. ನಿಮ್ಮ ಗೋಡೆಯ ಮೇಲೆ ಮುಖ ಇರುವುದು ಅವರೊಬ್ಬರಿಗೇ, ನನ್ನ ತಮ್ಮನ ಮಗ ಗುರುತು ಹಿಡಿದ ಹಾಗೆ ನಾಳೆ ಇನ್ನೊಬ್ಬರು ಹಿಡಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ ಎಂದರು. ಕಪ್ಪು ಕಾಗದ ಅಂಟಿಸುತ್ತೇನೆ ಎಂದರು ಮೇಷ್ಟ್ರು. ಕಾಗದ ಎಷ್ಟು ದಿನ ಇದ್ದೀತು ಎಂದರು ಅತ್ತೆ.

ಮೇಷ್ಟ್ರ ಕಷ್ಟ ನನಗೆ ಗೊತ್ತಿತ್ತು. ಹಳೆಯ ಫೋಟೋಗೆ ಕುಂಚ ಮುಟ್ಟಿಸುವುದು ಅವರ ಪಾಲಿಗೆ ಪಾಪ. ಹಾಸನದ ಒಂದು ಸ್ಟುಡಿಯೋದವನು ಅಂದ ಮಾಡಲು ಹೋಗಿ ಎಂಜಿನ್ನಿನ ಚಕ್ರಕ್ಕೆ ಒಂದು ಕಡ್ಡಿ ಕಡಿಮೆ ಬರೆದದ್ದಕ್ಕೆ ಅವನ ಜೊತೆ ಮಾತು ಬಿಟ್ಟವರು ಅವರು. "ಇದು ದಾಖಲೆ ತಾಯಿ. ತಿದ್ದಿದರೆ ಎಂಜಿನ್ನಿಗೆ ಮೋಸ ಮಾಡಿದ ಹಾಗೆ," ಎಂದರು.

"ಎಂಜಿನ್ ತಡ್ಕೊಳ್ಳುತ್ತೆ," ಎಂದರು ಅತ್ತೆ. "ನಾನು ತಡ್ಕೊಂಡಿಲ್ವೇ?"

ಬೇಸಗೆ ರಜೆಯ ಉದ್ದಕ್ಕೂ ಅವರು ಆ ಒಂದು ಫೋಟೋದ ಮುಂದೆ ಕೂತರು. ಕೂದಲೆಳೆಯಂಥ ಕುಂಚ, ಬೂದು ಬಣ್ಣದ ನಾಲ್ಕೈದು ಬಟ್ಟಲು. ಹೋದಾಗಲೆಲ್ಲ ಆ ಮನುಷ್ಯ ಸ್ವಲ್ಪ ಕಡಿಮೆಯಾಗಿರುತ್ತಿದ್ದರು. ಒಂದು ದಿನ ಭುಜ ಇಲ್ಲ, ಅಲ್ಲಿ ಬಾಯ್ಲರಿನ ರಿವೆಟ್ಟುಗಳು. ಇನ್ನೊಂದು ದಿನ ಎದೆ ಇಲ್ಲ, ಕೊಳವೆ ನೆಟ್ಟಗೆ ಹಾದಿದೆ. ಮುಖವನ್ನು ಯಾವತ್ತು ಮುಚ್ಚಿದರೋ ನನಗೆ ಗೊತ್ತಿಲ್ಲ. ಆ ವಾರ ನಾನು ಹೋಗಲಿಲ್ಲ. ಕೆಲಸ ಮಾಡುವಾಗ ಅವರು ಏನೋ ಗುನುಗುವರು. ಕಿವಿಗೊಟ್ಟರೆ ಅದು ಹಾಡಾಗಿರಲಿಲ್ಲ. ಮೆಲುದನಿಯಲ್ಲಿ, "ಅಲುಗಬೇಡಿ, ಇನ್ನು ಸ್ವಲ್ಪವೇ, ಅಲುಗಬೇಡಿ," ಎನ್ನುತ್ತಿದ್ದರು.

ಮುಗಿಯಿತೆಂದು ಹೇಳಿಕಳಿಸಿದಾಗ ಅತ್ತೆಯನ್ನು ಕರೆದುಕೊಂಡು ಬಂದೆ. ಅವರ ಕೂದಲು ಕಿವಿಯವರೆಗೆ ಬೆಳೆದಿತ್ತು. ಸೆರಗು ಜಾರಿದಾಗ ಮೊದಲಿನ ಹಾಗೆ ಗಾಬರಿಯಿಂದ ಎಳೆದುಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಫೋಟೋ ತಂದು ಚಾಪೆಯ ಮೇಲೆ ಇಟ್ಟರು.

ಎಂಜಿನ್ ಅಷ್ಟು ಸ್ಪಷ್ಟವಾಗಿ ನಾನು ಯಾವ ಫೋಟೋದಲ್ಲೂ ಕಂಡಿರಲಿಲ್ಲ. ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ತೆರಪು, ತೆರಪಿನಲ್ಲಿ ಚಕ್ರ, ಕೊಳವೆ, ರಾಡು, ಒಂದೊಂದು ಬೋಲ್ಟೂ. ಅಲ್ಲಿ ಯಾರೋ ಇದ್ದರೆಂದು ಪ್ರಮಾಣ ಮಾಡಿ ಹೇಳಿದರೂ ಯಾರೂ ನಂಬುವಂತಿರಲಿಲ್ಲ. ಕೆಳಗೆ, ಹಳಿಯ ಪಕ್ಕದ ಜಲ್ಲಿಯ ಮೇಲೆ, ಲೇಸು ಕಟ್ಟಿದ ಎರಡು ಬೂಟುಗಳು ನೆರಳು ಸಮೇತ ಗಟ್ಟಿಯಾಗಿ ನಿಂತಿದ್ದವು.

"ಕಾಲು ಬಿಟ್ಟಿದೀರಲ್ಲ ಮೇಷ್ಟ್ರೇ," ಎಂದರು ಅತ್ತೆ.

ಮೇಷ್ಟ್ರು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ಮೇಲೆ ಎಂಜಿನ್ ಇತ್ತು. ಏನೇನಿದೆ ಅಂತ ನನಗೆ ಗೊತ್ತಿತ್ತು, ಬರೆದೆ. ಆ ಬೂಟಿನ ಹಿಂದೆ ಯಾವ ಕಲ್ಲು ಇತ್ತು ಅಂತ ನನಗೆ ಗೊತ್ತಿಲ್ಲ ತಾಯಿ. ಗೊತ್ತಿಲ್ಲದ್ದನ್ನ ಬರೆಯೋಕೆ ಕೈ ಏಳಲಿಲ್ಲ. ಬೇಕಾದರೆ ಅಷ್ಟನ್ನ ಕತ್ತರಿಸಿ ಕೊಡ್ತೀನಿ."

ಅತ್ತೆ ಬಗ್ಗಿ ಆ ಎರಡು ಕಾಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋವನ್ನು ಮೇಷ್ಟ್ರ ಕಡೆಗೆ ಸರಿಸಿದರು.

"ಬೇಡ, ಇರಲಿ ಬಿಡಿ," ಎಂದರು. "ನನ್ನ ಜೊತೆ ಸಂಸಾರ ಮಾಡುವಾಗಲೂ ಅವರು ಮನೇಲಿ ಇದ್ದದ್ದು ಅಷ್ಟೇ."